ಅಪರಿಚಿತ ನೆಲದಲ್ಲಿ ಗಿಡ ನೆಡುವ ಧರ್ಮ

ಮನೆಯ ಅಂಗಳದಲ್ಲಾಗಲಿ, ದೇವಾಲಯದ ಪ್ರಾಕಾರದಲ್ಲಾಗಲಿ, ಹೊಸ ಬಡಾವಣೆಯ ಉದ್ಯಾನದಲ್ಲಾಗಲಿ ಯಾವ ಗಿಡವನ್ನು ನೆಡಬೇಕೆಂಬುದು ಸಾಮಾನ್ಯವಾಗಿ ಅಭಿರುಚಿಗೆ ಬಿಟ್ಟ ಮಾತೆಂದೋ ತೋಟಗಾರಿಕೆಯ ತಜ್ಞರು ಬಗೆಹರಿಸಬೇಕಾದ ವಿಷಯವೆಂದೋ ಭಾವಿಸಲಾಗುತ್ತದೆ. ಆದರೆ ನೆಡುವವರು ಆ ನೆಲಕ್ಕೆ ಹೊಸಬರಾಗಿದ್ದು, ಅಲ್ಲಿನ ಮಳೆ, ಮಣ್ಣು, ಗಾಳಿ, ಬಿಸಿಲುಗಳ ನಡೆ ಅವರಿಗೆ ತಿಳಿಯದಿದ್ದಾಗ ಇದು ಧರ್ಮಜಿಜ್ಞಾಸೆಯ ವಿಷಯವೂ ಆಗುತ್ತದೆ. ಗಿಡ ತನ್ನ ಜಾಗವನ್ನು ತಾನೇ ಆರಿಸಿಕೊಳ್ಳಲಾರದು, ಒಗ್ಗದ ಜಾಗವನ್ನು ಬಿಟ್ಟು ಹೋಗಲೂ ಆರದು. ಆದ್ದರಿಂದ ಅದರ ಬದುಕಿನ ಸುಖದುಃಖಗಳ ಹೊಣೆಯೆಲ್ಲ ನೆಟ್ಟವರ ಮೇಲೆ ಬೀಳುತ್ತದೆ. ಈ ಹೊಣೆಯ ಸ್ವರೂಪವೇನು, ನೆಡುವವರ ಇಚ್ಛೆಗೂ ನೆಲದ ಸ್ವಭಾವಕ್ಕೂ ವಿರೋಧ ಬಂದಾಗ ಯಾವುದು ಮಣಿಯಬೇಕು, ಒಂದು ಗಿಡ ಒಂದು ಊರಿಗೆ ಸೇರಿದ್ದೆಂದು ಹೇಳಲು ಆಧಾರವೇನು ಎಂಬ ಮೂರು ಪ್ರಶ್ನೆಗಳು ಇಲ್ಲಿ ವಿಚಾರಕ್ಕೆ ಬರುತ್ತವೆ.

ಈ ಪ್ರಶ್ನೆಗಳು ಹಾಸನ ಜಿಲ್ಲೆಯಲ್ಲಿ ಏಳುವಷ್ಟು ತೀವ್ರವಾಗಿ ಕರ್ನಾಟಕದ ಕೆಲವೇ ಕಡೆಗಳಲ್ಲಿ ಏಳುತ್ತವೆ. ಜಿಲ್ಲೆಯ ಪಶ್ಚಿಮದ ಅಂಚಿನ ಸಕಲೇಶಪುರದಲ್ಲಿ ವರ್ಷಕ್ಕೆ ಸರಾಸರಿ 2000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿಂದ ಪೂರ್ವಕ್ಕೆ ನೂರು ಕಿಲೋಮೀಟರಿಗೂ ಕಡಿಮೆ ದೂರದಲ್ಲಿರುವ ಚನ್ನರಾಯಪಟ್ಟಣದಲ್ಲಿ ಅದು 700 ಮಿಲಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವ ಹಾಸನ ನಗರ ಈ ಎರಡರ ನಡುವೆ ನಿಂತಿದೆ. ಅರಕಲಗೂಡು ತಾಲ್ಲೂಕು ಹೇಮಾವತಿ ಮತ್ತು ಕಾವೇರಿ ನದಿಗಳೆರಡರ ಸಾಮೀಪ್ಯವನ್ನೂ ಪಡೆದು, ಕೊಡಗಿನತ್ತ ಹಸಿರಾಗಿಯೂ ಪೂರ್ವದತ್ತ ಒಣಗುತ್ತಲೂ ಸಾಗುತ್ತದೆ. ಹೊಳೆನರಸೀಪುರ ಹೇಮಾವತಿಯ ದಡದ ಊರಾದರೂ ದಡದಿಂದ ತುಸು ದೂರ ನಡೆದರೆ ಬಯಲುಸೀಮೆಯ ಕೆಂಪು ಮಣ್ಣೇ ಎದುರಾಗುತ್ತದೆ. ಭೇದವಿರುವುದು ಮಳೆಯ ಪ್ರಮಾಣದಲ್ಲಿ ಮಾತ್ರವಲ್ಲ, ಕಾಲದಲ್ಲಿಯೂ ಇದೆ. ಪಶ್ಚಿಮದಲ್ಲಿ ಜುಲೈ ತಿಂಗಳ ಮುಂಗಾರೇ ವರ್ಷದ ಜೀವಾಳವಾಗಿದ್ದರೆ, ಚನ್ನರಾಯಪಟ್ಟಣದ ಕಡೆ ಮೇ ತಿಂಗಳ ಗುಡುಗುಮಳೆಯೂ ಸೆಪ್ಟೆಂಬರ್–ಅಕ್ಟೋಬರ್‌ ತಿಂಗಳ ಮಳೆಯೂ ನೆಲವನ್ನು ನೆನೆಸುತ್ತವೆ. ನಡುವಿನ ಜುಲೈಯಲ್ಲಿ ಅಲ್ಲಿ ಹೆಚ್ಚಾಗಿ ಗಾಳಿ ಮತ್ತು ತುಂತುರು. ಒಂದೇ ಜಿಲ್ಲೆಯವರೂ ನಾಲ್ಕು ಹರಿದಾರಿ ಹೋಗಿ ನೆಲೆಸಿದರೆ ಗಿಡ ನೆಡುವ ವಿಷಯದಲ್ಲಿ ಪರದೇಶಿಗಳಾಗುವ ಸ್ಥಿತಿ ಇದು. ಹೇಮಾವತಿಯ ಜಲಾಶಯಕ್ಕಾಗಿ ಊರು ಬಿಟ್ಟವರು ಈ ಸ್ಥಿತಿಯನ್ನು ಅನುಭವಿಸಿದ್ದಾರೆ. 1982ರಲ್ಲಿ ಹಾಸನದಲ್ಲಿ ಸ್ಥಾಪಿತವಾದ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರಕ್ಕೂ ಆಮೇಲೆ ಬೆಳೆದ ಕಾಲೇಜು, ಆಸ್ಪತ್ರೆ, ಕಾರ್ಖಾನೆಗಳಿಗೂ ದೇಶದ ನಾನಾ ಭಾಗಗಳಿಂದ ಬಂದು ಮನೆ ಕಟ್ಟಿಕೊಂಡವರು ಇಂದಿಗೂ ಅನುಭವಿಸುತ್ತಿದ್ದಾರೆ.

ನೆಲಕ್ಕೊಂದು ಸ್ವಭಾವವಿದೆ, ಅದನ್ನು ಅರಿಯದೆ ಅದರ ಮೇಲೆ ಯಾವ ಕ್ರಿಯೆಯನ್ನೂ ಮಾಡಬಾರದೆಂಬ ವಿಚಾರ ಭಾರತೀಯ ಚಿಂತನೆಯಲ್ಲಿ ಹಳೆಯದು. ಚರಕಸಂಹಿತೆ ಭೂಪ್ರದೇಶಗಳನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರಾಗಿ ವಿಂಗಡಿಸುತ್ತದೆ. ಜಾಂಗಲವೆಂದರೆ ತೆರೆದ ಆಕಾಶದ, ಒಣ ಗಾಳಿಯ, ಕಗ್ಗಲಿ, ದಿಂಡಿಗ, ಬನ್ನಿ, ನೆಲ್ಲಿ, ಆಲ, ಅರಳಿಗಳಂಥ ಮರಗಳ ನಾಡು. ಆನೂಪವೆಂದರೆ ನದಿ ಸಮುದ್ರಗಳ ಬಳಿಯ, ತಂಪು ಗಾಳಿಯ, ತೆಂಗು ಬಾಳೆಗಳ ನಾಡು. ಎರಡರ ಲಕ್ಷಣಗಳೂ ಬೆರೆತದ್ದು ಸಾಧಾರಣ. ಈ ವಿಂಗಡಣೆಯ ಮೂಲೋದ್ದೇಶ ವೈದ್ಯಕೀಯವಾದರೂ ಅದರ ವಿಧಾನ ಗಮನಾರ್ಹವಾಗಿದೆ: ನೆಲವನ್ನು ಗುರುತಿಸುವುದು ಅಲ್ಲಿ ತಾನಾಗಿ ಬೆಳೆದು ನಿಂತ ಮರಗಳ ಮೂಲಕ. ಚನ್ನರಾಯಪಟ್ಟಣದ ದಿಣ್ಣೆಗಳು ಈ ಲೆಕ್ಕದಲ್ಲಿ ಜಾಂಗಲಕ್ಕೆ ಸೇರುತ್ತವೆ. ಆದರೂ ಆ ತಾಲ್ಲೂಕು ತೆಂಗಿಗೆ ಹೆಸರಾದದ್ದು. ಇದು ವಿಂಗಡಣೆಯ ಸೋಲಲ್ಲ. ಕೆರೆಯ ಹಿಂದಿನ ತಗ್ಗಿನಲ್ಲಿ, ಅಂದರೆ ಜಾಂಗಲದ ನಡುವಿನ ಸಣ್ಣ ಆನೂಪದಲ್ಲಿ, ತೆಂಗು ತಲೆಮಾರುಗಳಿಂದ ಸುಖವಾಗಿ ಬೆಳೆದಿದೆ; ಅದೇ ತೆಂಗು ಕೊಳವೆಬಾವಿಯೊಂದನ್ನೇ ನೆಚ್ಚಿ ದಿಣ್ಣೆಗೆ ಏರಿದಲ್ಲಿ ಬರಗಾಲ ಬಂದಾಗಲೆಲ್ಲ ಸುಳಿ ಒಣಗಿಸಿಕೊಂಡಿದೆ. ಊರಿನ ಹವೆಯೊಂದನ್ನು ತಿಳಿದರೆ ಸಾಲದು, ಊರೊಳಗಿನ ತಗ್ಗುದಿಣ್ಣೆಗಳ ಭೇದವನ್ನೂ ತಿಳಿಯಬೇಕೆಂಬುದನ್ನು ಈ ನಿದರ್ಶನ ಕಲಿಸುತ್ತದೆ.

ಆಯುರ್ವೇದದ ಇನ್ನೊಂದು ಪರಿಕಲ್ಪನೆಯೂ ಇಲ್ಲಿ ಉಪಯುಕ್ತ. ಒಂದು ದೇಹಕ್ಕೆ ಒಗ್ಗಿದ್ದನ್ನು ಆಯುರ್ವೇದ ಸಾತ್ಮ್ಯವೆಂದು ಕರೆಯುತ್ತದೆ; ಈ ಒಗ್ಗುವಿಕೆ ಹುಟ್ಟಿದ ದೇಶದಿಂದ ಬರಬಹುದು, ದೀರ್ಘಕಾಲದ ಅಭ್ಯಾಸದಿಂದಲೂ ಬರಬಹುದು. ಗಿಡಗಳ ವಿಷಯದಲ್ಲಿ ಇದೇ ವಿಚಾರವನ್ನು ವೃಕ್ಷಾಯುರ್ವೇದವೆಂಬ ಶಾಸ್ತ್ರ, ಅಂದರೆ ಮರವನ್ನು ರೋಗ ಆರೋಗ್ಯಗಳುಳ್ಳ ದೇಹವೆಂದು ನೋಡುವ ಶಾಸ್ತ್ರ, ಬೆಳೆಸಿತು. ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನ ಕಾಲದಲ್ಲಿ, 1025ರಲ್ಲಿ, ಚಾವುಂಡರಾಯನೆಂಬ ಕವಿ ರಚಿಸಿದ ‘ಲೋಕೋಪಕಾರ’ ಈ ಶಾಸ್ತ್ರಕ್ಕೆ ಕನ್ನಡದಲ್ಲಿಯೇ ಸ್ಥಾನ ಕೊಟ್ಟಿತು. ಗೊಮ್ಮಟನನ್ನು ಕಡೆಸಿದ ಗಂಗರ ಮಂತ್ರಿ ಚಾವುಂಡರಾಯನಿಗಿಂತ ಈತ ಬೇರೆ. ಆ ಗ್ರಂಥದಲ್ಲಿ ನೆಲದೊಳಗಿನ ನೀರನ್ನು ಕಂಡುಕೊಳ್ಳುವ ವಿದ್ಯೆಯೂ ಮರಗಿಡಗಳ ಪೋಷಣೆಯ ವಿದ್ಯೆಯೂ ಜೊತೆಯಾಗಿ ನಿರೂಪಿತವಾಗಿರುವುದು ಅರ್ಥಪೂರ್ಣವಾಗಿದೆ, ಏಕೆಂದರೆ ನೀರಿನ ಅರಿವಿಲ್ಲದ ಗಿಡದ ಪ್ರೀತಿ ಹೆಚ್ಚು ದಿನ ಬಾಳುವಂಥದಲ್ಲ.

ಸ್ವಭಾವದ ಮಾತು ಬಂದೊಡನೆ ಒಂದು ಅಪಾಯವೂ ಜೊತೆಗೆ ಬರುತ್ತದೆ. ಸ್ವಧರ್ಮವೆಂಬ ಪದವನ್ನು ಹುಟ್ಟಿನಿಂದ ಬಂದ ಸ್ಥಾನಕ್ಕೆ ಕಟ್ಟಿಹಾಕಿದಾಗ ಮನುಷ್ಯ ಸಮಾಜದಲ್ಲಿ ಎಂಥ ಅನ್ಯಾಯ ನಡೆಯಿತೆಂಬುದನ್ನು ಹನ್ನೆರಡನೆಯ ಶತಮಾನದ ಶರಣರು ಕನ್ನಡ ಜನತೆಗೆ ಮನಗಾಣಿಸಿದ್ದಾರೆ. ಹಾಗಿರುವಾಗ ಈ ನೆಲದಲ್ಲಿ ಹುಟ್ಟಿದ ಗಿಡ ಮಾತ್ರ ಒಳ್ಳೆಯದು, ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಎಂಬ ನಿಯಮವನ್ನು ಸಸ್ಯಲೋಕಕ್ಕೆ ಅನ್ವಯಿಸುವುದು ಅದೇ ತಪ್ಪನ್ನು ಬೇರೊಂದು ಕಡೆ ಮಾಡಿದಂತಾಗುತ್ತದೆ. ಈ ನಾಡಿನ ದೇವಾಲಯಗಳೂ ಅಂಥ ನಿಯಮವನ್ನು ಪಾಲಿಸಿಲ್ಲ. ಶಿವಾಲಯಗಳ ಅಂಗಳದಲ್ಲಿ ಭಕ್ತಿಯಿಂದ ಬೆಳೆಸುವ ನಾಗಲಿಂಗದ ಮರ ದಕ್ಷಿಣ ಅಮೆರಿಕದ್ದು. ದೇವಗಣಗಿಲೆ ಮಧ್ಯ ಅಮೆರಿಕದ ಕಡೆಯದು. ಆಯುಧಪೂಜೆಯಂದು ರಾಶಿರಾಶಿಯಾಗಿ ಮಾರುವ ಚೆಂಡುಹೂವು ಮೆಕ್ಸಿಕೋದಿಂದ ಬಂದದ್ದು. ಹಾಸನದ ಹೊಲಗಳಲ್ಲಿ ಮುಂಗಾರಿನೊಡನೆ ಬಿತ್ತುವ ಆಲೂಗಡ್ಡೆಯ ತವರು ಆಂಡೀಸ್ ಪರ್ವತಗಳು. ಇವು ಯಾವುವನ್ನೂ ಈ ನೆಲ ಹೊರಗಿನದೆಂದು ತಳ್ಳಲಿಲ್ಲ, ಜನರ ದೇವರುಗಳೂ ತಳ್ಳಲಿಲ್ಲ.

ಇದಕ್ಕೆ ಪ್ರತಿಯಾಗಿ, ಅಂದದ ಗಿಡವೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ಉದ್ಯಾನಗಳಿಗೆ ತರಲಾದ ಲಂಟಾನ ಬೇಲಿಯನ್ನು ದಾಟಿ ಕಾಡು ಸೇರಿ, ತನ್ನ ಕೆಳಗೆ ಬೇರೆ ಸಸಿಗಳು ಏಳದಂತೆ ಹಬ್ಬಿತು. ಆಸ್ಟ್ರೇಲಿಯಾದ ನೀಲಗಿರಿಯನ್ನು ಬಯಲುಸೀಮೆಯಲ್ಲಿ ನೆಡುತೋಪುಗಳಾಗಿ ಬೆಳೆಸಿದ ಮೇಲೆ ಅಂತರ್ಜಲದ ಬಗೆಗೆ ಎದ್ದ ಆತಂಕ 2017ರಲ್ಲಿ ಕರ್ನಾಟಕ ಸರ್ಕಾರ ಹೊಸ ನೆಡುತೋಪುಗಳನ್ನು ನಿಷೇಧಿಸುವವರೆಗೆ ಹೋಯಿತು. ಇನ್ನು ದೇಶೀಯವೆಂಬ ಹೆಸರೂ ತಾನಾಗಿ ರಕ್ಷೆಯಾಗುವುದಿಲ್ಲ. ಪಶ್ಚಿಮಘಟ್ಟದ ತೇವದ ಕಾಡಿನಲ್ಲಿ ಸಹಜವಾಗಿ ಬೆಳೆಯುವ ನಾಗಸಂಪಿಗೆಯನ್ನೋ ನಿಜವಾದ ಅಶೋಕವನ್ನೋ ಚನ್ನರಾಯಪಟ್ಟಣದ ಬಯಲಿನ ಬಿಸಿಲಿಗೆ ತಂದು ನಿಲ್ಲಿಸಿದರೆ ಅವು ಪ್ರತಿ ಬೇಸಗೆಯಲ್ಲಿಯೂ ಬಕೆಟ್ಟಿನ ನೀರಿಗಾಗಿ ಕಾಯುತ್ತವೆ. ನೀರು ನಿಂತ ನೆಲವನ್ನು ತಾಳದ ಬೇವನ್ನು ಮಲೆನಾಡಿನ ಜೌಗಿನಲ್ಲಿ ನೆಟ್ಟರೆ ಬೇರು ಕೊಳೆಯುತ್ತದೆ. ಆದ್ದರಿಂದ ಒಂದು ಗಿಡ ಊರಿಗೆ ಸೇರಿದ್ದೋ ಅಲ್ಲವೋ ಎಂಬುದನ್ನು ಅದರ ಹುಟ್ಟಿನಿಂದ ನಿರ್ಣಯಿಸಲಾಗದು. ಆ ನೆಲ ಕೊಡಬಲ್ಲಷ್ಟರಲ್ಲಿ ಅದು ಬದುಕುತ್ತದೆಯೇ, ನೆರೆಯ ಜೀವಗಳಿಗೆ ಜಾಗ ಬಿಡುತ್ತದೆಯೇ ಎಂಬ ನಡತೆಯಿಂದ ನಿರ್ಣಯಿಸಬೇಕಾಗುತ್ತದೆ.

ಈ ನಡತೆಯ ಮಾನದಂಡಕ್ಕೆ ತಾತ್ತ್ವಿಕ ನೆಲೆಯನ್ನು ಒದಗಿಸುವ ಸ್ಥಳ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿಯೇ ಇದೆ. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿನ, ಕ್ರಿ.ಶ. ಸುಮಾರು 600ರದೆಂದು ವಿದ್ವಾಂಸರು ಗುರುತಿಸುವ ಶಾಸನವೊಂದು, ಹನ್ನೆರಡು ವರ್ಷಗಳ ಕ್ಷಾಮ ಬರುವುದನ್ನು ಜೈನಾಚಾರ್ಯ ಭದ್ರಬಾಹು ಉಜ್ಜಯಿನಿಯಲ್ಲಿ ಮುನ್ನರಿದು ಹೇಳಿದ್ದನ್ನೂ ಜೈನ ಸಂಘ ದಕ್ಷಿಣಕ್ಕೆ ಹೊರಟುಬಂದದ್ದನ್ನೂ ದಾಖಲಿಸುತ್ತದೆ. ಈ ಪರಂಪರೆಯ ಪ್ರಕಾರ ಬೆಳಗೊಳದ ಧರ್ಮಚರಿತ್ರೆ ಆರಂಭವಾಗುವುದೇ ಮಳೆ ಕೈಕೊಟ್ಟ ನಾಡಿನಿಂದ ಅಪರಿಚಿತ ಹವೆಯ ನಾಡಿಗೆ ನಡೆದುಬಂದವರಿಂದ. ಹೀಗೆ ಬಂದವರು ಜೊತೆಗೆ ತಂದದ್ದು ಸಸ್ಯಗಳನ್ನು ಕುರಿತ ಒಂದು ಸೂಕ್ಷ್ಮ ದೃಷ್ಟಿಯನ್ನು. ಜೈನ ದರ್ಶನದಲ್ಲಿ ಗಿಡಮರಗಳು ಸ್ಪರ್ಶವೊಂದೇ ಇಂದ್ರಿಯವಾಗಿರುವ ಏಕೇಂದ್ರಿಯ ಜೀವಗಳು. ಮಣ್ಣು ನೀರುಗಳಲ್ಲಿಯೂ ಅಂಥ ಜೀವಗಳಿವೆ. ಮಳೆಗಾಲದಲ್ಲಿ ಮೊಳೆಯುವ ಹಸಿರನ್ನೂ ಹುಳುಗಳನ್ನೂ ತುಳಿಯಬಾರದೆಂದು ಮುನಿಗಳು ನಾಲ್ಕು ತಿಂಗಳು ಒಂದೇ ಕಡೆ ನೆಲೆನಿಲ್ಲುವ ಚಾತುರ್ಮಾಸ ವ್ರತ ಈ ದೃಷ್ಟಿಯ ಆಚರಣೆಯೇ ಆಗಿದೆ.

ಇಲ್ಲಿ ಒಂದು ಕಠಿಣ ಆಕ್ಷೇಪ ಎದುರಾಗುತ್ತದೆ. ಮಣ್ಣಿನಲ್ಲಿಯೂ ಜೀವಗಳಿವೆಯೆಂದ ಮೇಲೆ ಗುಂಡಿ ತೋಡುವುದೇ ಹಿಂಸೆಯಲ್ಲವೇ, ಗಿಡ ನೆಡುವುದನ್ನು ಧರ್ಮವೆಂದು ಹೇಗೆ ಕರೆಯುವುದು ಎಂಬುದೇ ಆ ಆಕ್ಷೇಪ. ಜೈನ ಆಚಾರಶಾಸ್ತ್ರ ಇದನ್ನು ಮರೆಮಾಚುವುದಿಲ್ಲ. ಮಹಾವ್ರತಿಗಳಾದ ಮುನಿಗಳಿಗೆ ಅದು ನೆಲ ಅಗೆಯುವುದನ್ನು ನಿಷೇಧಿಸುತ್ತದೆ. ಗೃಹಸ್ಥನಿಗಾದರೋ ಅಣುವ್ರತವನ್ನು, ಅಂದರೆ ಮಿತಿಗೊಳಿಸಿದ ವ್ರತವನ್ನು ವಿಧಿಸುತ್ತದೆ: ಬದುಕಿಗೆ ಅನಿವಾರ್ಯವಾದ ಸ್ಥಾವರಹಿಂಸೆಯನ್ನು, ಅಂದರೆ ಚಲಿಸಲಾರದ ಏಕೇಂದ್ರಿಯ ಜೀವಗಳ ಹಿಂಸೆಯನ್ನು, ಅವನು ಪೂರ್ತಿಯಾಗಿ ಬಿಡಲಾರ, ಆದರೆ ನಿಷ್ಪ್ರಯೋಜಕವಾದ ಹಿಂಸೆಯನ್ನು ಬಿಡಲೇಬೇಕು. ಈ ನಿಷ್ಪ್ರಯೋಜಕ ಹಿಂಸೆಗೆ ಅನರ್ಥದಂಡವೆಂದು ಹೆಸರು. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ ಅದರ ಪ್ರಭೇದಗಳಲ್ಲಿ ಪ್ರಮಾದಚರ್ಯೆಯನ್ನು, ಎಂದರೆ ಎಚ್ಚರವಿಲ್ಲದ ನಡೆಯನ್ನು, ಎಣಿಸುತ್ತದೆ. ಕಾರಣವಿಲ್ಲದೆ ನೆಲವನ್ನೂ ನೀರನ್ನೂ ಕದಡುವುದು, ಸಸ್ಯಗಳನ್ನು ಕಡಿಯುವುದು ಅದರೊಳಗೆ ಬರುತ್ತವೆ. ನೆಲವನ್ನು ಅರಿಯದೆ, ಅಲ್ಲಿ ಬದುಕಲಾರದ ಗಿಡವನ್ನು ಚಿತ್ರದಲ್ಲಿ ಕಂಡೋ ನರ್ಸರಿಯ ಚೀಲದಲ್ಲಿ ಅರಳಿದ ಹೂವಿಗೆ ಮನಸೋತೋ ತಂದು ನೆಟ್ಟು, ಅದು ಒಣಗಿದ ಮೇಲೆ ಮತ್ತೊಂದನ್ನು ತಂದು ಅದೇ ಗುಂಡಿಗೆ ಇಡುವುದು ಪ್ರಮಾದಚರ್ಯೆಯ ಸ್ಪಷ್ಟ ರೂಪವೆನ್ನಲು ಅಡ್ಡಿಯಿಲ್ಲ. ಅಲ್ಲಿ ಉದ್ದೇಶ ಸೌಂದರ್ಯವೇ ಆಗಿರಬಹುದು; ಆದರೆ ಒಳ್ಳೆಯ ಉದ್ದೇಶ ಎಚ್ಚರದ ಸ್ಥಾನವನ್ನು ತುಂಬಲಾರದೆಂಬುದೇ ಈ ವ್ರತದ ಹುರುಳು.

ಎಚ್ಚರ ಹುಟ್ಟುವುದು ಅರಿವಿನಿಂದ. ನೆಲದ ಅರಿವಿಗೆ ಅನೇಕಾಂತವಾದ ಉತ್ತಮ ವಿಧಾನವಾಗಬಲ್ಲದು. ಯಾವ ವಸ್ತುವೂ ಒಂದೇ ನೋಟಕ್ಕೆ ತನ್ನೆಲ್ಲ ಮುಖಗಳನ್ನು ತೋರುವುದಿಲ್ಲ, ಆದ್ದರಿಂದ ಯಾವ ಹೇಳಿಕೆಯೂ ಒಂದು ನಿಲುವಿನಿಂದ ಮಾತ್ರ ಸತ್ಯ ಎಂಬುದು ಅನೇಕಾಂತದ ಸಾರ. ಹಾಸನದಲ್ಲಿ ಮಳೆ ಚೆನ್ನಾಗಿದೆ ಎಂಬ ಮಾತು ವಾರ್ಷಿಕ ಮೊತ್ತದ ನಿಲುವಿನಿಂದ ಸತ್ಯ. ಡಿಸೆಂಬರಿನಿಂದ ಮಾರ್ಚಿನವರೆಗಿನ ಒಣ ತಿಂಗಳುಗಳನ್ನು ದಾಟಬೇಕಾದ ಎಳೆಯ ಸಸಿಯ ನಿಲುವಿನಿಂದ ಅದು ಅಪೂರ್ಣ. ಹೊಳೆನರಸೀಪುರ ನದೀತೀರದ ಊರೆಂಬ ಮಾತು ದಡದ ಹೊಳೆಮತ್ತಿಗೆ ಸತ್ಯ, ದಿಣ್ಣೆಯ ಹಿತ್ತಲಿಗೆ ಅಲ್ಲ. ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ, ಕೆಮ್ಮಣ್ಣಿನ ಕೆಳಗೆ ಎಷ್ಟು ಆಳಕ್ಕೆ ಬಂಡೆ ಸಿಗುತ್ತದೆ, ಬಿದ್ದ ಮಳೆ ನಿಲ್ಲುತ್ತದೆಯೋ ಹರಿಯುತ್ತದೆಯೋ, ಬೇಸಗೆಯ ಕೊನೆಯಲ್ಲಿ ಬಾವಿಯ ನೀರು ಎಲ್ಲಿಗೆ ಇಳಿಯುತ್ತದೆ, ಪಕ್ಕದ ಹಳೆಯ ಗುಂಡುತೋಪಿನಲ್ಲಿ ಯಾವ ಮರಗಳು ಯಾರೂ ನೀರೆರೆಯದೆ ನಿಂತಿವೆ ಎಂಬ ಇವೆಲ್ಲ ಒಂದೊಂದು ನೋಟಗಳು. ಸರ್ಕಾರದ ಮಳೆಮಾಪನ, ರೈತರ ಮಳೆನಕ್ಷತ್ರದ ಅನುಭವ, ತೋಟಗಾರಿಕೆಯ ಶಾಸ್ತ್ರಜ್ಞಾನ ಇವುಗಳಲ್ಲಿ ಒಂದನ್ನು ಹಿಡಿದು ಉಳಿದವನ್ನು ಬಿಡುವವರಿಗೆ ನೆಲ ಅರ್ಧವೇ ತಿಳಿದಿರುತ್ತದೆ.

ಅರಿವಿನೊಡನೆ ಮಮಕಾರದ ತ್ಯಾಗವೂ ಬೇಕೆಂಬುದನ್ನು ಬಾಹುಬಲಿಯ ಕಥೆ ಹೇಳುತ್ತದೆ. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ 981ರ ಸುಮಾರಿಗೆ ಪ್ರತಿಷ್ಠಾಪಿತವಾದ, ಸುಮಾರು 58 ಅಡಿ ಎತ್ತರದ ಗೊಮ್ಮಟನ, ಅಂದರೆ ಬಾಹುಬಲಿಯ, ಕಾಲು ತೋಳುಗಳನ್ನು ಮಾಧವಿ ಬಳ್ಳಿ ಹಬ್ಬಿ ಸುತ್ತಿರುವುದನ್ನು ಶಿಲ್ಪಿ ಕಂಡರಿಸಿದ್ದಾನೆ. ನಾಡಿನಲ್ಲಿ ಪ್ರಚಲಿತವಾದ ಕಥೆಯಂತೆ, ಬಾಹುಬಲಿ ವರ್ಷಕಾಲ ಅಲುಗದೆ ನಿಂತರೂ ತಾನು ಅಣ್ಣ ಭರತನ ನೆಲದ ಮೇಲೆ ನಿಂತಿದ್ದೇನೆಂಬ ಒಂದು ಎಣಿಕೆ ಮನಸ್ಸಿನಲ್ಲಿ ಉಳಿದಿದ್ದರಿಂದ ಕೇವಲಜ್ಞಾನ, ಅಂದರೆ ಪರಿಪೂರ್ಣ ಅರಿವು, ತಡೆದುನಿಂತಿತು. ಆ ನೆಲ ಯಾರದೂ ಅಲ್ಲವೆಂಬ ತಿಳಿವು ಮೂಡಿದಾಗ ಜ್ಞಾನವುಂಟಾಯಿತು. ನೆಲ ಅವನದೋ ತನ್ನದೋ ಎಂಬ ಲೆಕ್ಕವಿರುವವರೆಗೆ ನೆಲದ ನಿಜ ಕಾಣದೆಂಬ ಈ ಅರ್ಥ ಗಿಡ ನೆಡುವವರಿಗೂ ಸಲ್ಲುತ್ತದೆ. ನಿವೇಶನದ ಪತ್ರ ಮನುಷ್ಯರ ನಡುವಿನ ವ್ಯವಹಾರಕ್ಕೆ ಸಾಕ್ಷಿಯೇ ಹೊರತು, ಆ ಮಣ್ಣಿನ ಆಳದ ನೀರಿನ ಮೇಲಾಗಲಿ ಅಲ್ಲಿಗೆ ಬರುವ ಚಿಟ್ಟೆ ಹಕ್ಕಿಗಳ ಮೇಲಾಗಲಿ ಒಡೆತನ ಕೊಡುವುದಿಲ್ಲ. ಬಯಲುಸೀಮೆಯಲ್ಲಿ ದಿನವೂ ನೀರು ಬೇಡುವ ವಿಶಾಲ ಹುಲ್ಲುಹಾಸನ್ನು ಕೊಳವೆಬಾವಿಯಿಂದ ಸಾಕುವುದು ಈ ಕಾರಣಕ್ಕಾಗಿ ಅಭಿರುಚಿಯ ಪ್ರಶ್ನೆಯಾಗಿ ಉಳಿಯದೆ ಪರಿಗ್ರಹದ, ಅಂದರೆ ಅಗತ್ಯ ಮೀರಿದ ಕೂಡಿಡುವಿಕೆಯ ಪ್ರಶ್ನೆಯಾಗುತ್ತದೆ; ಆ ನೀರು ನೆರೆಹೊರೆಯ ಎಲ್ಲ ಜೀವಗಳ ಪಾಲಿನದು.

ಜೀವಗಳು ಒಂದಕ್ಕೊಂದು ನೆರವಾಗುವುದೇ ಜೀವಲಕ್ಷಣವೆಂದು ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ ಸಾರುತ್ತದೆ. ಪರಸ್ಪರೋಪಗ್ರಹವೆಂಬ ಈ ತತ್ತ್ವವನ್ನು ಸ್ಥಳೀಯ ಸಸ್ಯಗಳು ಕಣ್ಣಿಗೆ ಕಾಣುವಂತೆ ಮಾಡುತ್ತವೆ. ಹೊಂಗೆ ಬಿರುಬೇಸಗೆಯ ಹೊತ್ತಿಗೆ ಹೊಸ ಎಲೆ ತೊಟ್ಟು ನೆರಳು ಕೊಡುತ್ತದೆ. ಹಿಪ್ಪೆಯ ಹೂವು ಬಾವಲಿಗಳಿಗೆ, ಮುತ್ತುಗದ ಹೂವು ಹಕ್ಕಿಗಳಿಗೆ ಆಹಾರವಾಗುತ್ತದೆ. ಯಾರೂ ಬೇಕೆಂದು ನೆಡದ ಎಕ್ಕದ ಎಲೆಯನ್ನು ತಿಂದು ಚಿಟ್ಟೆಯ ಹುಳು ಬೆಳೆಯುತ್ತದೆ. ಅರ್ಕೇಶ್ವರನ ಊರಾದ ಅರಕಲಗೂಡಿನಲ್ಲಿ ಈ ಎಕ್ಕಕ್ಕೆ ವಿಶೇಷ ಗೌರವ ಸಲ್ಲಬೇಕು, ಏಕೆಂದರೆ ನವಗ್ರಹಗಳ ಸಮಿತ್ತುಗಳಲ್ಲಿ ಅದು ಸೂರ್ಯನದು. ಚಂದ್ರನಿಗೆ ಮುತ್ತುಗ, ಕುಜನಿಗೆ ಕಗ್ಗಲಿ, ಬುಧನಿಗೆ ಉತ್ತರಣಿ, ಗುರುವಿಗೆ ಅರಳಿ, ಶುಕ್ರನಿಗೆ ಅತ್ತಿ, ಶನಿಗೆ ಬನ್ನಿ, ರಾಹುಕೇತುಗಳಿಗೆ ಗರಿಕೆ ದರ್ಭೆಗಳೆಂದು ಸಾಗುವ ಆ ಪಟ್ಟಿಯಲ್ಲಿ ಅಂದಕ್ಕೆಂದು ಮಾರಾಟವಾಗುವ ಗಿಡ ಒಂದೂ ಇಲ್ಲ. ಬಹುಪಾಲು ಬಯಲು ನಾಡಿನ ಬೇಲಿ ಬದುಗಳಲ್ಲಿ ತಾವಾಗಿ ಬೆಳೆಯುವಂಥವು. ಪೂಜ್ಯತೆಗೆ ಅಪರೂಪತೆ ಬೇಕಿಲ್ಲವೆಂಬುದನ್ನು ಆ ಪಟ್ಟಿ ಮೌನವಾಗಿ ಎತ್ತಿಹಿಡಿಯುತ್ತದೆ.

ಹಾಗಾದರೆ ಹುಟ್ಟೂರಿನ ನೆನಪಿಗೆ ಸ್ಥಳವಿಲ್ಲವೇ ಎಂಬುದು ನ್ಯಾಯವಾದ ಪ್ರಶ್ನೆ. ಕರಾವಳಿಯಿಂದ ಬಂದವರು ಅಲ್ಲಿನ ಮಲ್ಲಿಗೆಯನ್ನೂ ಮಲೆನಾಡಿನಿಂದ ಬಂದವರು ತಮ್ಮ ಸಂಪಿಗೆಯನ್ನೂ ಬಯಸುವುದು ಪ್ರೀತಿಯ ಸಹಜ ಗತಿ. ಅದನ್ನು ಹಳಿಯುವ ಧರ್ಮ ಮನುಷ್ಯರಿಗೆ ಹೊಂದುವ ಧರ್ಮವಾಗಲಾರದು. ತುಳಸಿಕಟ್ಟೆ ಇದಕ್ಕೊಂದು ದಾರಿ ತೋರಿಸುತ್ತದೆ. ಮನೆಯ ಮುಂದಿನ ತುಳಸಿ ದಿನನಿತ್ಯದ ನೀರು ಮತ್ತು ನಮಸ್ಕಾರವೆರಡನ್ನೂ ಪಡೆಯುತ್ತದೆ. ಅಲ್ಲಿ ಗಿಡದ ಅಗತ್ಯ ಮನೆಯವರ ವ್ರತವಾಗಿರುತ್ತದೆ, ಆ ವ್ರತ ಒಂದು ಕಟ್ಟೆಯ ಅಳತೆಯನ್ನು ಮೀರುವುದಿಲ್ಲ. ದೂರದ ಹವೆಯ ಗಿಡವನ್ನೂ ಹೀಗೆಯೇ ಕುಂಡದಲ್ಲಿಯೋ ಬಚ್ಚಲ ನೀರು ಹರಿಯುವ ಪಾತಿಯಲ್ಲಿಯೋ ಸೇವೆಯ ಸಂಕಲ್ಪದೊಡನೆ ಬೆಳೆಸುವುದು ತಪ್ಪಲ್ಲ. ಆದರೆ ನೆಲಕ್ಕೆ ಒಪ್ಪಿಸಿಕೊಡುವ ಗಿಡದ ವಿಷಯ ಬೇರೆ: ಮೊದಲ ಎರಡು ಮೂರು ಬೇಸಗೆಗಳ ಆರೈಕೆ ಮುಗಿದ ಮೇಲೆ ಅದು ನೆಟ್ಟವರಿಲ್ಲದೆಯೂ ಬದುಕಬಲ್ಲದ್ದಾಗಿರಬೇಕು, ಏಕೆಂದರೆ ನೆಟ್ಟವರಿಗೆ ವರ್ಗಾವಣೆಯಾಗಬಹುದು, ಆಯುಷ್ಯ ತೀರಬಹುದು, ಬಾವಿ ಬತ್ತಬಹುದು. ಹಳೆಯ ಮೈಸೂರು ಸೀಮೆಯ ಗುಂಡುತೋಪುಗಳಲ್ಲಿ ಮಾವು, ಹಲಸು, ನೇರಳೆ, ಹಿಪ್ಪೆಗಳನ್ನು ನೆಟ್ಟವರು ಅನಾಮಿಕರಾದರು, ಮರಗಳು ಮಾತ್ರ ಊರಿಗೆ ಉಳಿದವು. ಕೆರೆ ಕಟ್ಟಿಸುವುದರೊಡನೆ ತೋಪು ಹಾಕಿಸುವುದನ್ನೂ ಪುಣ್ಯಕಾರ್ಯವೆಂದು ಎಣಿಸಿದ ಪರಂಪರೆಯ ಫಲ ಅವು.

ನೆಲದ ಸ್ವಭಾವವೂ ಶಾಶ್ವತವಲ್ಲ. ಹೇಮಾವತಿಗೆ ಕಟ್ಟಿದ ಗೊರೂರಿನ ಅಣೆಕಟ್ಟಿನಿಂದ ಹೊರಟ ಕಾಲುವೆಗಳು ಒಣನೆಲದ ಕೆಲವು ಭಾಗಗಳನ್ನು ತೇವಗೊಳಿಸಿವೆ. ಮಳೆಯ ಕಾಲಕ್ರಮ ಹಿಂದಿನಂತೆ ನಂಬುಗೆಗೆ ಸಿಗುತ್ತಿಲ್ಲ. ಆದ್ದರಿಂದ ಒಮ್ಮೆ ಮಾಡಿದ ಸಸ್ಯಗಳ ಪಟ್ಟಿಯನ್ನು ಶಾಸನದಂತೆ ಹಿಡಿಯುವುದು ಸಲ್ಲದು. ಬೇರೆಬೇರೆ ತಾಳಿಕೆಯ ಹಲವು ಜಾತಿಗಳನ್ನು ಬೆರೆಸಿ ನೆಡುವುದೇ ಬದಲಾಗುವ ಕಾಲಕ್ಕೆ ತಕ್ಕ ವಿನಯ. ಚನ್ನರಾಯಪಟ್ಟಣದ ಕಡೆ ಹೊಂಗೆ, ಬೇವು, ಕಕ್ಕೆ, ಬಿಲ್ವ, ಮುತ್ತುಗಗಳೂ ಬೇಲಿಗೆ ಲಕ್ಕಿ ತಂಗಡಿಗಳೂ, ಹೊಳೆನರಸೀಪುರದ ನದೀತೀರದಲ್ಲಿ ಹೊಳೆಮತ್ತಿ ನೇರಳೆಗಳೂ, ಅರಕಲಗೂಡಿನ ಪಶ್ಚಿಮಕ್ಕೂ ಹಾಸನದ ತಂಪಿಗೂ ಸಂಪಿಗೆ ಹಲಸುಗಳೂ ಆರಂಭಕ್ಕೆ ಯೋಗ್ಯವಾದವು.

ಹೊಸಬರು ಚಾತುರ್ಮಾಸದ ಮಾದರಿಯಲ್ಲಿ ಒಂದು ಮಳೆಗಾಲವನ್ನೂ ಅದರ ಹಿಂದೆ ಬರುವ ಬೇಸಗೆಯನ್ನೂ ಸುಮ್ಮನೆ ನೋಡಿದ ಮೇಲೆ ಗುಂಡಿ ತೋಡುವುದು ಉಚಿತ. ಆ ಒಂದು ವರ್ಷದ ತಾಳ್ಮೆಯೇ ನೆಲಕ್ಕೆ ಸಲ್ಲಿಸುವ ಮೊದಲ ಗೌರವ. ದೇವಸ್ಥಾನದ ಸಮಿತಿಗಳು, ಪುರಸಭೆಗಳು, ಬಡಾವಣೆ ಕಟ್ಟುವವರು ಸಾವಿರಾರು ಸಸಿಗಳನ್ನು ಒಮ್ಮೆಗೇ ತರಿಸುವುದರಿಂದ ಅವರ ಹೊಣೆ ಇನ್ನೂ ಹೆಚ್ಚಿನದು. ಈ ನೆಲ ತಾನಾಗಿ ಕೊಡುವುದರಲ್ಲಿ ಈ ಗಿಡ ಬದುಕುತ್ತದೆಯೇ, ಇದು ಇತರ ಜೀವಗಳಿಗೆ ಎಡೆ ಕೊಡುತ್ತದೆಯೇ, ನೆಟ್ಟವರು ಹೋದ ಮೇಲೂ ಇದು ಉಳಿಯುತ್ತದೆಯೇ ಎಂದು ಅವರು ಪ್ರತಿ ಸಸಿಯ ಮುಂದೆಯೂ ಕೇಳಬೇಕು. ಈ ಮೂರಕ್ಕೂ ಹೌದೆಂಬ ಉತ್ತರ ಸಿಕ್ಕಲ್ಲಿ ಗಿಡ ಎಲ್ಲಿಂದ ಬಂದಿದ್ದರೂ ಊರಿನದೇ ಆಗುತ್ತದೆ, ನೆಟ್ಟವರು ಎಲ್ಲಿಂದ ಬಂದಿದ್ದರೂ ಊರಿನವರೇ ಆಗುತ್ತಾರೆ.